ಅಕ್ಕನ ಬಾಯಿಗೆ ನಾನು ಕಟ್ಟಿದ ಪದ

ಬೆಲ್ಲ, ಏಣಿ, ನವಿಲು. ಈ ಮೂರು ಮಾತು ನಾನು ಸಾಯುವ ತನಕ ನನ್ನ ತಲೆಯಿಂದ ಹೋಗುವುದಿಲ್ಲ. ಅಕ್ಕನ ತಲೆಯಲ್ಲಿ ಅವು ಎಲೆಅಡಿಕೆ ಜಗಿದು ಉಗಿಯುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಕನಿಗೆ ಅದೂ ಇಲ್ಲ. ನಮ್ಮಿಬ್ಬರನ್ನೂ ಒಂದೇ ಚಪ್ಪರದಲ್ಲಿ ಒಂದೇ ಮನೆಗೆ ಕೊಟ್ಟರು, ಅಣ್ಣನಿಗೆ ಅಕ್ಕ, ತಮ್ಮನಿಗೆ ನಾನು. ಯಗಟಿಯಿಂದ ಕಡೂರಿಗೆ ಹೋಗುವ ಬಸ್ಸು ಇಳಿದು ಒಂದು ಮೈಲಿ ಒಳಗೆ ನಡೆದರೆ ನಮ್ಮ ಊರು. ಗಂಡಂದಿರು ಇಬ್ಬರೂ ಹೋಗಿ ಬಹಳ ವರ್ಷವಾಯಿತು. ನನ್ನ ಹೆಣ್ಣುಮಕ್ಕಳು ಅವರವರ ಮನೆಯಲ್ಲಿದ್ದಾರೆ, ಅವರ ಮಕ್ಕಳೂ ದೊಡ್ಡವರಾಗಿದ್ದಾರೆ. ಈ ಮನೆಯಲ್ಲಿ ಈಗ ಇರುವುದು ನಾನು, ಅಕ್ಕ, ಅಕ್ಕನ ಮಗ, ಅವನ ಹೆಂಡತಿ, ಅವರ ಒಬ್ಬಳೇ ಮಗಳು. ಹುಡುಗಿ ಕಡೂರಿನಲ್ಲಿ ಬಿ.ಎಡ್. ಮುಗಿಸಿದ್ದಾಳೆ. ನನ್ನನ್ನು ಚಿಕ್ಕಜ್ಜಿ ಅನ್ನುತ್ತಾಳೆ.

ಅಕ್ಕನಿಗೆ ಕಾಯಿಲೆ ಶುರುವಾದದ್ದು ನಮಗೆ ಗೊತ್ತಾಗಲಿಲ್ಲ. ಯಾಕೆಂದರೆ ಅದು ಭಕ್ತಿಯ ವೇಷದಲ್ಲಿ ಬಂತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮಾಡಿಕೊಂಡು ಎದ್ದು ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಚ್ಚಲಿಗೆ ಹೋಗುತ್ತಿದ್ದಳು, ಮತ್ತೆ ವಿಭೂತಿ, ಮತ್ತೆ ಪೂಜೆ. ಕೆಲವು ದಿನ ಮೂರು ಸಲ. ಬೀದಿಯ ಹೆಂಗಸರು ಈ ವಯಸ್ಸಿನಲ್ಲಿ ಎಂಥ ನಿಷ್ಠೆ ಅಂದರು. ಮಠದಿಂದ ಬಂದ ಅಯ್ಯನೋರು ಕೂಡ ಹೊಗಳಿ ಹೋದರು. ನನಗೆ ಮಾತ್ರ ಅನುಮಾನ. ಅಕ್ಕ ಅಂಥ ಭಕ್ತೆಯೇನೂ ಅಲ್ಲ. ಚಿಕ್ಕವಳಿದ್ದಾಗ ಪೂಜೆ ಬೇಗ ಮುಗಿಸಿ ಹುಣಸೆಹಣ್ಣಿಗೆ ಓಡುತ್ತಿದ್ದವಳು. ಆಮೇಲೆ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಸತ್ತು ಹದಿನಾಲ್ಕು ವರ್ಷವಾದ ಗಂಡ ಸಂತೆಯಿಂದ ಇನ್ನೂ ಬಂದಿಲ್ಲವಲ್ಲ ಅಂತ ಬಾಗಿಲಿಗೆ ಹೋಗಿ ನಿಂತಳು. ನಮ್ಮ ಕಡೆ ಇದಕ್ಕೆ ಅರಳು ಮರಳು ಅಂತಾರೆ, ಅಂದು ಸುಮ್ಮನಾಗುತ್ತಾರೆ.

ಅದೇ ಕಾಲಕ್ಕೆ ನಮ್ಮ ಸೀಮೆಯ ಊರೂರಿಗೆ ಒಂದು ತಂಡ ಬಂತು. ವಯಸ್ಸಾದವರ ಮರೆವಿನ ಬಗ್ಗೆ ಸಂಶೋಧನೆಯಂತೆ, ವರ್ಷಕ್ಕೊಂದು ಸಲ ನೋಡುತ್ತಾರಂತೆ, ಹಲವು ವರ್ಷ ನೋಡುತ್ತಾರಂತೆ. ಕಡೂರಿನಲ್ಲಿ ಒಂದು ಬಾಡಿಗೆ ಕಟ್ಟಡದಲ್ಲಿ ಪರೀಕ್ಷೆ, ಕಚೇರಿ ತರೀಕೆರೆಯಲ್ಲಿ. ಮರೆವು ಬಂದವರೂ ಬೇಕು, ಬಾರದವರೂ ಬೇಕು ಅಂದರು. ಅಕ್ಕನ ಜೊತೆ ನನ್ನ ಹೆಸರನ್ನೂ ಬರೆದುಕೊಂಡರು. ರಕ್ತ ತೆಗೆದರು. ತೂಕ, ಬಿಪಿ, ಸಕ್ಕರೆ ನೋಡಿದರು. ಕಿವಿ ಕೇಳುತ್ತದಾ ಅಂತ ನೋಡಿದರು. ಹತ್ತು ಹೆಜ್ಜೆ ನಡೆಸಿ ಗಡಿಯಾರ ಹಿಡಿದರು. ಆಮೇಲೆ ಪ್ರಶ್ನೆ. ಇವತ್ತು ಯಾವ ವಾರ, ಇದು ಯಾವ ತಾಲ್ಲೂಕು, ಈ ಕಾಗದ ಮಡಿಚಿ ತೊಡೆ ಮೇಲೆ ಇಡಿ. ಮೊದಲು ಮೂರು ಮಾತು ಹೇಳಿ, ನಡುವೆ ಬೇರೆ ಏನೇನೋ ಕೇಳಿ, ಆಮೇಲೆ ಆ ಮೂರು ಯಾವುವು ಅಂತ ಕೇಳುತ್ತಾರೆ. ಅವೇ ಬೆಲ್ಲ, ಏಣಿ, ನವಿಲು. ಮೊದಲನೇ ವರ್ಷ ಅಕ್ಕ ಬೆಲ್ಲ ಒಂದನ್ನು ಹೇಳಿದಳು. ಕೊನೆಗೆ ಎಲ್ಲರಿಗೂ ಒಂದು ಚೀಟಿ ಕೊಡುತ್ತಾರೆ, ಅದರಲ್ಲಿ ಬಿಪಿ, ಸಕ್ಕರೆ, ಪ್ರಶ್ನೆಯ ಮಾರ್ಕು ಎಲ್ಲ ಇರುತ್ತದೆ.

ರಕ್ತ ತೆಗೆದವಳು ಒಬ್ಬ ಹುಡುಗಿ. ನಾನು ಅವಳನ್ನು ರಕ್ತದ ಹುಡುಗಿ ಅಂತಲೇ ಕರೆಯುತ್ತೇನೆ. ರೋಗಿ ನೋಡುವ ಡಾಕ್ಟರಲ್ಲ, ಇದೇ ವಿಷಯದಲ್ಲಿ ದೊಡ್ಡ ಓದು ಓದುತ್ತಿದ್ದಾಳೆ. ಇಷ್ಟೊಂದು ಸೀಸೆ ರಕ್ತ ತಗೊಂಡು ಏನು ಮಾಡ್ತೀಯ ತಾಯಿ, ಕಾಯಿಲೆ ತಲೇಲಿ ತಾನೇ ಇರೋದು ಅಂತ ನಾನು ಕೇಳಿದೆ. ಅವಳು ಬೇಜಾರು ಮಾಡಿಕೊಳ್ಳದೆ ಹೇಳಿದಳು. ಈ ಕಾಯಿಲೆಗೆ ಆಲ್ಜೈಮರ್ಸ್ ಅಂತ ಹೆಸರು. ಮಿದುಳಿನಲ್ಲಿ ಸಣ್ಣ ಸಣ್ಣ ಗಂಟು ಕಟ್ಟುತ್ತವೆ. ಆ ಗಂಟೇ ಕಳ್ಳ ಅಂತ ಬಹಳ ವರ್ಷ ಅದೊಂದರ ಹಿಂದೆಯೇ ಹೋದರು. ಗಂಟು ಕರಗಿಸಿದರೂ ಮರೆವು ಅಂದುಕೊಂಡ ಹಾಗೆ ಕಡಿಮೆಯಾಗಲಿಲ್ಲ. ಅದಕ್ಕೇ ಈಗ ಒಂದನ್ನೇ ಹಿಡಿದು ನೋಡುವುದು ಬಿಟ್ಟು, ರಕ್ತ, ನಿದ್ದೆ, ಸಕ್ಕರೆ, ಹೊಟ್ಟೆ, ಕಿವಿ, ಹುಟ್ಟಿನಿಂದ ಬಂದದ್ದು, ಎಲ್ಲವನ್ನೂ ಒಟ್ಟಿಗೆ ಇಟ್ಟು ಯಾವುದು ಯಾವುದನ್ನು ಎಳೆಯುತ್ತಿದೆ ಅಂತ ಕಂಪ್ಯೂಟರಿನಲ್ಲಿ ನೋಡುತ್ತೇವೆ ಅಂದಳು. ಆ ಓದಿಗೆ ಸಿಸ್ಟಮ್ಸ್ ಬಯಾಲಜಿ ಅಂತಾರಂತೆ.

ನನಗೆ ಅದು ಅಷ್ಟು ಕಷ್ಟದ ಮಾತು ಅನ್ನಿಸಲಿಲ್ಲ. ಮುದ್ದೆ ಗಂಟಾಯಿತು ಅಂದುಕೊಳ್ಳಿ. ಗಂಟನ್ನು ಬೆರಳಿನಲ್ಲಿ ಹಿಸುಕಿ ತೆಗೆದರೆ ನಾಳೆ ಮತ್ತೆ ಗಂಟಾಗುತ್ತದೆ. ಎಸರು ಕುದ್ದಿತ್ತಾ, ಹಿಟ್ಟು ಹಳೆಯದಾ, ಸೌದೆ ಹಸಿಯಾ, ತೊಳಸುವವಳ ಮನಸ್ಸು ತವರುಮನೆಯಲ್ಲಿತ್ತಾ, ಎಲ್ಲ ನೋಡಬೇಕು. ಒಂದು ಸರಿಯಿಲ್ಲದಿದ್ದರೆ ಇನ್ನೊಂದು ಅದನ್ನು ತೂಗಿಸಿಕೊಂಡು ಹೋಗುತ್ತದೆ. ಎರಡು ಮೂರು ಒಟ್ಟಿಗೆ ಕೆಟ್ಟ ದಿನ ಗಂಟು. ಹೀಗೆ ಹೇಳಿದಾಗ ರಕ್ತದ ಹುಡುಗಿ ನಕ್ಕು, ಅಜ್ಜಿ, ನಮ್ಮ ಮೇಷ್ಟ್ರಿಗೆ ಇದನ್ನ ಹೇಳ್ತೀನಿ ಅಂದಳು. ಹೋಗುವಾಗ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟಳು. ಅಕ್ಕನ ನಿದ್ದೆ, ಊಟ, ಬಹಿರ್ದೆಸೆ, ಓಡಾಟ, ಮಾತು, ದಿನಾ ಎರಡು ಸಾಲು ಬರೆಯಬೇಕು. ನಾನು ಬರೆಯುವುದನ್ನು ಮತ್ತೆ ಕಲಿತದ್ದು ಹೀಗೆ, ಎಪ್ಪತ್ತು ದಾಟಿದ ಮೇಲೆ.

ಎರಡನೇ ವರ್ಷ ನಮ್ಮ ಮನೆ ಹುಡುಗಿಗೆ ಅಜ್ಜಂಪುರದ ಕಡೆಯಿಂದ ಸಂಬಂಧ ಬಂತು. ಜಮೀನಿರುವ ಮನೆ, ಹುಡುಗ ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದಾನೆ. ಜಾತಕ ಕೂಡಿತು. ಫೋಟೋ ನೋಡಿ ಹುಡುಗಿಗೂ ಒಪ್ಪಿಗೆ. ಆದರೆ ಯಾರೋ ಪುಣ್ಯಾತ್ಮರು ಆ ಮನೆ ಅಜ್ಜಿಗೆ ತಲೆ ಸರಿಯಿಲ್ಲವಂತೆ ಅಂತ ಅಲ್ಲಿಗೆ ಸುದ್ದಿ ಮುಟ್ಟಿಸಿದ್ದರು. ಕಡೂರಿನ ಪರೀಕ್ಷೆಗೆ ಇನ್ನು ಹದಿನೈದು ದಿನ ಇತ್ತು. ಅಕ್ಕನ ಸೊಸೆ ನನ್ನ ಹತ್ತಿರ ಬಂದು ಕೂತಳು.

"ಚಿಕ್ಕತ್ತೆ, ಅವರು ಪರೀಕ್ಷೆ ಚೀಟಿ ನೋಡ್ಬೇಕು ಅಂತಿದ್ದಾರೆ. ಚೀಟೀಲಿ ಮಾರ್ಕು ಕಮ್ಮಿ ಬಂದ್ರೆ ಮಗಳ ಕತೆ ಮುಗೀತು. ಹೇಗಾದ್ರೂ ಮಾಡಿ ಅತ್ತೆಗೆ ಕಲಿಸ್ರಿ."

ತಪ್ಪು ಅವಳದು ಅಂತ ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಕೇಳಿದ್ದು ಅವಳು, ಉಪಾಯ ಹುಡುಕಿದ್ದು ನಾನು. ಪ್ರಶ್ನೆಗಳು ಹೋದ ವರ್ಷದವೇ ಅಂತ ನನಗೆ ಗೊತ್ತಿತ್ತು. ನನ್ನನ್ನೂ ಅವನ್ನೇ ಕೇಳಿದ್ದರು.

ಬಾಯಲ್ಲಿ ಹೇಳಿಕೊಟ್ಟರೆ ಅಕ್ಕನಿಗೆ ನಿಲ್ಲುತ್ತಿರಲಿಲ್ಲ. ಅಕ್ಕನಿಗೆ ನಿಲ್ಲುವುದು ಒಂದೇ, ಹಾಡುವ ಪದ. ನಮ್ಮ ಸುತ್ತಿನಲ್ಲಿ ಯಾರ ಮನೆಯ ಮದುವೆಗೂ ಸೋಬಾನೆಗೆ ಅಕ್ಕನೇ ಬೇಕಿತ್ತು. ಸೋಬಾನೆಯಲ್ಲಿ ಒಬ್ಬರು ಮುಂದೆ ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹಿಡಿಯುತ್ತಾರೆ. ಅಕ್ಕ ಎತ್ತುವವಳು, ನಾನು ಹಿಡಿಯುವವಳು, ಐವತ್ತು ವರ್ಷ ಹಾಗೇ ನಡೆದಿತ್ತು. ಊಟ ಮಾಡಿದ್ದು ಮರೆತವಳು ಹಸೆಗೆ ಕರೆಯುವ ಪದವನ್ನು ಒಂದು ನುಡಿ ಬಿಡದೆ ಹೇಳುತ್ತಿದ್ದಳು. ಅದೇ ಧಾಟಿಗೆ ನಾನು ಹೊಸ ನುಡಿ ಕಟ್ಟಿದೆ. ಬೆಲ್ಲವ ತಾರವ್ವ, ಏಣಿಯ ಹಾಕವ್ವ, ನವಿಲು ಬಂದಾವ ಸೋಬಾನೆ. ಕಡೂರು ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ, ಅದಕ್ಕೊಂದು ನುಡಿ. ಹದಿನೈದು ದಿನ ಕಾಳು ಹಸನು ಮಾಡುತ್ತಾ ಇಬ್ಬರೂ ಅದನ್ನೇ ಹಾಡಿದೆವು. ಪರೀಕ್ಷೆಯ ದಿನ ಬಸ್ಸು ಹತ್ತಿದಲ್ಲಿಂದ ಇಳಿಯುವ ತನಕ ಇವತ್ತು ಗುರುವಾರ, ಇವತ್ತು ಗುರುವಾರ ಅಂತ ಅವಳ ಕಿವಿಯಲ್ಲಿ ಊದಿದೆ. ಆಧಾರ್ ಕಾರ್ಡ್ ನೋಡಿ ಟಿಕೆಟ್ ಹರಿದುಕೊಟ್ಟ ಕಂಡಕ್ಟರ್ ನನಗೇ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಅಕ್ಕನಿಗೆ ಕಿವಿ ಮಂದ, ಪಕ್ಕದಲ್ಲಿ ಇರ್ತೀನಿ ಅಂತ ಹೇಳಿ ಒಳಗೆ ಕೂತೆ. ಆ ಮೂರು ಮಾತು ಕೇಳಿದಾಗ ಅಕ್ಕ ಸುಮ್ಮನೆ ನನ್ನ ಮುಖ ನೋಡಿದಳು. ನಾನು ಗಂಟಲು ಸರಿಮಾಡಿಕೊಳ್ಳುವ ಹಾಗೆ ಆ ಧಾಟಿಯ ಮೊದಲ ಎಳೆ ಮೂಗಿನಲ್ಲೇ ಎಳೆದೆ. ಅಕ್ಕ ತೊಡೆ ತಟ್ಟುತ್ತಾ ಒಳಗೊಳಗೇ ಗುನುಗಿಕೊಂಡು, ಬೆಲ್ಲ, ಏಣಿ, ನವಿಲು ಅಂತ ಮೂರನ್ನೂ ಹೇಳಿಬಿಟ್ಟಳು. ಆ ವರ್ಷ ಅಕ್ಕನಿಗೆ ನನಗಿಂತ ಎರಡು ಮಾರ್ಕು ಜಾಸ್ತಿ ಬಂತು. ನನಗೆ ಪದ ಕಟ್ಟಿಕೊಡುವವರು ಯಾರೂ ಇರಲಿಲ್ಲವಲ್ಲ.

ಅಕ್ಕನ ಮಗ ಆ ಚೀಟಿಯನ್ನು ಜೆರಾಕ್ಸ್ ಮಾಡಿಸಿ ಅಜ್ಜಂಪುರದವರಿಗೆ ಕೊಟ್ಟ. ಅವರು ಹುಡುಗಿ ನೋಡಲು ಬಂದ ದಿನ ಅಕ್ಕನನ್ನು ಒಳಮನೆಯಲ್ಲಿ ಕೂರಿಸಿ, ಕೊನೆಯಲ್ಲಿ ಐದು ನಿಮಿಷ ಮಾತ್ರ ಹೊರಗೆ ಕರೆತಂದು ಪದ ಹಾಡಿಸಿದೆವು. ಎಂಟು ನುಡಿ ಹೇಳಿದಳು. ಗಂಡಿನ ತಾಯಿ ಕಣ್ಣರಳಿಸಿ ಕೇಳಿದರು. ಮದುವೆ ಮುಂದಿನ ವರ್ಷದ ಬೇಸಿಗೆಗೆ ಅಂತ ಮಾತಾಯಿತು.

ನನ್ನ ನೋಟ್‌ಬುಕ್ಕನ್ನು ತಂಡದವರು ತರಿಸಿಕೊಂಡು ನೋಡಿ ವಾಪಸ್ ಕೊಡುತ್ತಿದ್ದರು, ಕಳಿಸುವ ಮೊದಲು ಸೊಸೆ ಓದುತ್ತಿದ್ದಳು. ಅದಕ್ಕೆ ದಿನಾ ಒಂದೇ ಬರೆಯುತ್ತಿದ್ದೆ, ಚೆನ್ನಾಗಿದ್ದಾಳೆ, ಉಂಡಳು, ಮಲಗಿದಳು.

ಮೂರನೇ ವರ್ಷ ಪರೀಕ್ಷೆಗೆ ಮೊದಲೇ ರಕ್ತದ ಹುಡುಗಿ ಐಸಿನ ಡಬ್ಬಿ ಹಿಡಿದು ಮನೆಗೇ ಬಂದಳು. ಅಡುಗೆಮನೆ ನೋಡಿದಳು. ಯಾವ ರಾಗಿ, ಯಾವ ಎಣ್ಣೆ, ಹುರುಳಿ ವಾರಕ್ಕೆ ಎಷ್ಟು ಸಲ ಅಂತ ಬರೆದುಕೊಂಡಳು. ಕೊನೆಗೆ ಅಕ್ಕನ ಮಲವನ್ನೂ ಒಂದು ಸಣ್ಣ ಸೀಸೆಗೆ ತುಂಬಿಸಿಕೊಂಡು ಐಸಿನಲ್ಲಿಟ್ಟಳು. ಹೊಟ್ಟೆಯೊಳಗಿನ ಸಣ್ಣ ಜೀವಿಗಳಿಗೂ ತಲೆಗೂ ನಂಟಿದೆಯಂತೆ. ಇಷ್ಟು ಮರ್ಯಾದೆ ಯಾಕೆ ಅಂತ ಕೇಳಿದೆ.

"ಅಜ್ಜಿ, ಹೇಳಬಾರದು, ಆದ್ರೂ ಹೇಳ್ತೀನಿ. ನಿಮ್ಮ ಅಕ್ಕನ ರಕ್ತದಲ್ಲಿ ಕಾಯಿಲೆ ಗುರುತು ಜೋರಾಗಿದೆ. ಆದ್ರೆ ಉತ್ತರ ಮಾತ್ರ ಹೋದ ಸಲ ಮೊದಲನೇ ಸಲಕ್ಕಿಂತ ಚೆನ್ನಾಗಿ ಕೊಟ್ಟಿದ್ದಾರೆ. ಇಂಥವರು ಎಲ್ಲೋ ಒಬ್ಬೊಬ್ಬರು. ಇವರನ್ನ ಏನೋ ಒಂದು ಕಾಪಾಡ್ತಾ ಇದೆ. ಅದು ಏನು ಅಂತ ಸಿಕ್ಕಿದ್ರೆ ಬೇರೆಯವರಿಗೂ ಉಪಯೋಗ ಆಗ್ತದೆ."

ಅವಳ ಮುಖ ಹಬ್ಬದ ದಿನದ ಹಾಗಿತ್ತು. ಅಕ್ಕನನ್ನು ಕಾಪಾಡುತ್ತಿದ್ದದ್ದು ರಾಗಿಯಲ್ಲ, ಹುರುಳಿಯಲ್ಲ. ಅವಳ ಪಕ್ಕದಲ್ಲಿ ಕೂತು ಮೂಗಿನಲ್ಲಿ ರಾಗ ಎಳೆದ ನಾನು. ಮುದ್ದೆ ಯಾಕೆ ಗಂಟಾಯಿತು ಅಂತ ಎಲ್ಲರನ್ನೂ ಕೂರಿಸಿ ಕೇಳುವಾಗ, ಎಸರು ಚೆನ್ನಾಗಿ ಕುದ್ದಿತ್ತು ಅಂತ ಒಬ್ಬಳು ಸುಳ್ಳು ಹೇಳಿದರೆ ಏನಾಗುತ್ತದೆ? ಹಿಟ್ಟಿನದೇ ದೋಷ ಅಂತ ಒಂದು ಮೂಟೆ ಒಳ್ಳೆ ಹಿಟ್ಟನ್ನು ತಿಪ್ಪೆಗೆ ಸುರಿಯುತ್ತಾರೆ. ಎಲ್ಲವನ್ನೂ ಒಟ್ಟಿಗೆ ನೋಡುವ ಕೆಲಸದಲ್ಲಿ ಒಂದು ಸುಳ್ಳು ಒಂದಾಗಿ ಉಳಿಯುವುದಿಲ್ಲ. ಈ ಹುಡುಗಿ ಬಿಸಿಲಲ್ಲಿ ಮಲದ ಸೀಸೆ ಹೊತ್ತುಕೊಂಡು ಹೊರಟಿದ್ದಳು, ಅದೂ ನಾನು ಕಟ್ಟಿದ ಪದವನ್ನು ಹುಡುಕಲು.

ಅವಳು ಹೋದ ಮೇಲೆ ಸೊಸೆಗೆ ಹೇಳಿದೆ, ನಾನು ನಿಜ ಹೇಳುತ್ತೇನೆ ಅಂತ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಮದುವೆಗೆ ಇನ್ನು ಮೂರು ತಿಂಗಳು, ಆಮೇಲೆ ಯಾರಿಗೆ ಏನು ಬೇಕಾದರೂ ಹೇಳಿ ಅಂದಳು. ಮೂರು ತಿಂಗಳಿಗೆ ಮೊದಲೇ ಪರೀಕ್ಷೆ ಇದೆ, ಮತ್ತೆ ಮೂಗಿನಲ್ಲಿ ಎಳೆಯಲು ನನ್ನಿಂದ ಆಗುವುದಿಲ್ಲ ಅಂದೆ.

"ನಿಮ್ಮ ಹೆಣ್ಣುಮಕ್ಕಳ ಮದುವೆ ಆಗಿಹೋಯ್ತಲ್ಲ ಚಿಕ್ಕತ್ತೆ. ನಿಮಗೇನು, ಸತ್ಯ ಹೇಳಬಹುದು."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನನ್ನ ಮಕ್ಕಳಿಗೆ ಗಂಡು ನೋಡುವಾಗ ಇಂಥ ಮಾತು ಬಂದಿದ್ದರೆ ನಾನು ಹತ್ತು ಪದ ಕಟ್ಟುತ್ತಿದ್ದೆ.

ಆದರೆ ಮದುವೆ ಸೊಸೆಯದೂ ಅಲ್ಲ, ನನ್ನದೂ ಅಲ್ಲ. ಹುಡುಗಿಯನ್ನು ತೋಟಕ್ಕೆ ಕರೆದುಕೊಂಡು ಹೋಗಿ ತೆಂಗಿನ ಬುಡದಲ್ಲಿ ಕೂರಿಸಿ, ಪದ ಕಟ್ಟಿದಲ್ಲಿಂದ ಸೀಸೆ ತುಂಬಿದವರೆಗೆ ಎಲ್ಲ ಹೇಳಿದೆ. ನಾನು ಬಾಯಿ ಬಿಟ್ಟರೆ ಅಜ್ಜಂಪುರದ ಸಂಬಂಧ ಹೋಗಬಹುದು ಅಂತಲೂ ಹೇಳಿದೆ. ಅವಳು ಬಹಳ ಹೊತ್ತು ಗರಿಯ ಕಡ್ಡಿ ಸೀಳುತ್ತಾ ಕೂತಳು. ಅಳಲಿಲ್ಲ. ಆ ಗುಣ ನಮ್ಮ ಕಡೆಯದು.

"ಹೇಳು ಚಿಕ್ಕಜ್ಜಿ. ಆದ್ರೆ ಅವರಿಗೆ ಬೇರೆ ಯಾರದೋ ಬಾಯಿಂದ ಗೊತ್ತಾಗಬಾರದು. ತರೀಕೆರೆಗೆ ಹೋದ ದಿನಾನೇ ಅಜ್ಜಂಪುರಕ್ಕೂ ಹೋಗು. ಜೆರಾಕ್ಸ್ ವಾಪಸ್ ಇಸ್ಕೊಂಡು ಬಾ."

ನಾನು ನೋಟ್‌ಬುಕ್ ತೆಗೆದೆ. ಪುಟದ ಈ ಕಡೆ ಚೆನ್ನಾಗಿದ್ದಾಳೆ ಅಂತ ಇತ್ತು. ಆ ಕಡೆ ಖಾಲಿ ಇತ್ತು. ನಾಲ್ಕು ಮಧ್ಯಾಹ್ನ ಕೂತು ಆ ಖಾಲಿ ಕಡೆಯಲ್ಲಿ ಅವತ್ತವತ್ತು ನಿಜವಾಗಿ ಏನಾಗಿತ್ತೋ ಬರೆದೆ. ಮೂರು ಸಲ ಸ್ನಾನ. ಲಂಗದ ಮೇಲೆ ಲಂಗ ಉಟ್ಟಿದ್ದಳು. ನನ್ನನ್ನು ಅವ್ವ ಅಂದಳು. ಬೇಲಿ ದಾಟಿ ಹೋಗಿದ್ದಳು, ಕುರಿ ಕಾಯುವವನು ಕರೆತಂದ. ನನಗೆ ನೆನಪಿಲ್ಲದ ದಿನಗಳಿಗೆ ನೆನಪಿಲ್ಲ ಅಂತಲೇ ಬರೆದೆ. ಇನ್ನು ಮೇಲೆ ಊಹೆ ಬರೆಯಬಾರದು ಅಂತ ತೀರ್ಮಾನ ಮಾಡಿಯಾಗಿತ್ತು.

ಬೆಳಿಗ್ಗೆ ಕಡೂರಿಗೆ ಹೋಗಿ, ಬೀರೂರಿನ ಮೇಲೆ ಹೋಗಿ ತರೀಕೆರೆಯಲ್ಲಿ ಇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದೆ, ಹಸಿದ ಹೊಟ್ಟೆಯಲ್ಲಿ ತಪ್ಪು ಒಪ್ಪಿಕೊಳ್ಳಲು ಹೋದರೆ ಮಾತು ನಡುಗುತ್ತದೆ. ಅವರ ಕಚೇರಿ ಒಂದು ಅಡಿಕೆ ಮಂಡಿಯ ಮಹಡಿಯಲ್ಲಿ. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ತುಂಬ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆ, ಜೇಡ ಕಟ್ಟಿದ ಹಾಗೆ. ಪಕ್ಕದಲ್ಲಿ ಇನ್ನೊಂದು ಹಾಳೆ, ಅದರಲ್ಲಿ ಒಂದೊಂದು ಚುಕ್ಕೆಗೆ ಒಬ್ಬೊಬ್ಬ ಮನುಷ್ಯ, ಹೆಸರಿಲ್ಲ, ನಂಬರ್ ಮಾತ್ರ. ಎಲ್ಲ ಚುಕ್ಕೆಗಳು ಎರಡು ಗುಂಪಾಗಿದ್ದವು. ಒಂದೇ ಒಂದು ಮಾತ್ರ ದೂರದಲ್ಲಿ ಒಂಟಿಯಾಗಿತ್ತು, ಅದರ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಯಾರೂ ಹೇಳದಿದ್ದರೂ ಅದು ಯಾರೆಂದು ನನಗೆ ಗೊತ್ತಾಯಿತು. ನಂಬರ್ ನಮ್ಮ ಚೀಟಿಯಲ್ಲೇ ಇತ್ತು.

"ಆ ಕೆಂಪು ಸುತ್ತು ಅಳಿಸು ತಾಯಿ," ಅಂದೆ. "ಅದು ಅಕ್ಕನ ತಲೆ ಅಲ್ಲ. ಅದು ನಾನು."

ರಕ್ತದ ಹುಡುಗಿಗೆ ಅರ್ಥವಾಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ, ಪದವನ್ನೂ ಹಾಡಿ ತೋರಿಸಿದೆ. ಅವಳ ಮುಖದ ಹಬ್ಬ ಇಳಿಯುತ್ತಾ ಹೋದದ್ದನ್ನು ನೋಡಿದೆ. ಅವಳ ಮೇಷ್ಟ್ರನ್ನು ಕರೆದಳು. ಅವರಿಗೆ ಸಿಟ್ಟು ಬಂದಿತ್ತು, ಆದರೆ ನನ್ನ ಮೇಲಲ್ಲ, ಪ್ರತಿ ವರ್ಷ ಅವೇ ಮೂರು ಮಾತು ಇಟ್ಟುಕೊಂಡಿದ್ದರಲ್ಲ, ಅದರ ಮೇಲೆ. ಒಂದು ವರ್ಷದ ಲೆಕ್ಕಾಚಾರ ಮತ್ತೆ ಮಾಡಬೇಕು ಅಂದರು. ನಾನು ನೋಟ್‌ಬುಕ್ ಮುಂದೆ ಇಟ್ಟೆ. ಬಲಗಡೆಯ ಪುಟ ಓದಬೇಡಿ, ತಿರುವಿ ಹಿಂದಿನದನ್ನು ಓದಿ ಅಂದೆ. ರಕ್ತದ ಹುಡುಗಿ ಹತ್ತು ಪುಟ ಓದಿದಳು. ಆಮೇಲೆ ನಿಧಾನವಾಗಿ, ಅಜ್ಜಿ, ಇದನ್ನ ನಾವು ಹತ್ತು ಸಲ ಪರೀಕ್ಷೆ ಮಾಡಿದ್ರೂ ಸಿಕ್ತಿರಲಿಲ್ಲ ಅಂದಳು. ಹೊರಡುವ ಮುಂಚೆ ನಾನು ಒಂದು ಪ್ರಶ್ನೆ ಕೇಳಿಕೊಂಡೆ. ಆ ಪ್ರಶ್ನೆ ನನಗೆ ಅಜ್ಜಂಪುರದಲ್ಲಿ ಬೇಕಾಗಿತ್ತು. ಮೊಮ್ಮಗಳಿಗೂ ಬರುತ್ತದಾ ಅಂತ. ಮೇಷ್ಟ್ರು ಅವಸರ ಮಾಡದೆ ತಿಳಿಸಿ ಹೇಳಿದರು, ನಾನು ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡೆ.

ಅಜ್ಜಂಪುರದ ಬಸ್ಸು ತಡವಾಯಿತು. ಅವರ ಮನೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಅಂಗಳದ ತುಂಬ ಈರುಳ್ಳಿ ರಾಶಿ. ಗಂಡಿನ ತಾಯಿ ಕೂಲಿಯವರ ಜೊತೆ ತಾನೂ ಕೂತು ಈರುಳ್ಳಿಯ ಬಾಲ ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಗಾಬರಿಯಿಂದ ಎದ್ದರು. ಹೆಣ್ಣಿನ ಕಡೆಯ ಮುದುಕಿ ಒಬ್ಬಳೇ, ಹೇಳದೆ ಕೇಳದೆ ಬಂದರೆ ಯಾರಿಗೆ ತಾನೇ ಗಾಬರಿಯಾಗುವುದಿಲ್ಲ. ಕೂಲಿಯವರು ಊಟಕ್ಕೆ ಏಳುವ ತನಕ ಕಾದೆ. ಸುಮ್ಮನೆ ಕೂರುವುದು ಬೇಡ ಅಂತ ಒಂದು ಕುಡುಗೋಲು ಇಸಿದುಕೊಂಡು ನಾನೂ ಬಾಲ ಕತ್ತರಿಸಿದೆ. ಆಮೇಲೆ, ಕೈ ನಿಲ್ಲಿಸದೆ, ಹೇಳಿದೆ.

"ಅವತ್ತು ಎಂಟು ನುಡಿ ಹೇಳಿದ್ರು, ಒಂದೂ ತಪ್ಪಲಿಲ್ಲ," ಅಂದರು ಅವರು.

"ಪದ ಮರೆತಿಲ್ಲ ಕಣಮ್ಮ. ಬೇರೆ ಎಲ್ಲ ಮರೆತವಳೆ. ನೀವು ಆ ಕಡೆ ಹೋದ್ರಿ, ಈ ಕಡೆ ಯಾರು ಬಂದಿದ್ರು ಅಂತ ನನ್ನ ಕೇಳಿದ್ಲು."

ಅವರು ನಾನು ಕಾಯುತ್ತಿದ್ದ ಪ್ರಶ್ನೆಯನ್ನೇ ಕೇಳಿದರು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ವಯಸ್ಸಾದ ಮೇಲೆ ಬರುವ ಈ ಕಾಯಿಲೆ ಗೋತ್ರದ ಹಾಗೆ ತಪ್ಪದೆ ಇಳಿದು ಬರುವುದಿಲ್ಲ. ರಕ್ತಸಂಬಂಧದಿಂದ ಸ್ವಲ್ಪ ಪಾಲು ಬರುತ್ತದೆ. ಮಿಕ್ಕಿದ್ದು ಸಕ್ಕರೆ, ಬಿಪಿ, ಕಿವಿ, ನಿದ್ದೆ, ಇನ್ನೂ ಗೊತ್ತಿಲ್ಲದ್ದು ಬೇಕಾದಷ್ಟು. ಇಪ್ಪತ್ತನಾಲ್ಕು ವರ್ಷದ ಹುಡುಗಿಯ ಮುಖ ನೋಡಿ ಬರುತ್ತದೆ ಅಂತಲೂ ಹೇಳಲಾಗುವುದಿಲ್ಲ, ಬರುವುದಿಲ್ಲ ಅಂತಲೂ ಬರೆದುಕೊಡಲಾಗುವುದಿಲ್ಲ. ನಿಮ್ಮ ಮನೆಗೂ ಇದೇ ಮಾತು ಅಂತ ಕೊನೆಗೆ ನನ್ನದೊಂದು ಸೇರಿಸಿದೆ.

ಹಾಗಾದರೆ ಹೇಳಲು ಯಾಕೆ ಬಂದಿರಿ ಅಂತ ಕೇಳಿದರು. ಸಿಟ್ಟಿನಲ್ಲಿ ಕೇಳಲಿಲ್ಲ, ನಿಜವಾಗಿ ಗೊತ್ತಾಗದೆ ಕೇಳಿದರು.

"ನಿಮ್ಮ ಹತ್ರ ಒಂದು ಸುಳ್ಳು ಕಾಗದ ಇದೆ. ಅದನ್ನ ನಂಬಿ ನೀವು ಒಪ್ಪಿದ್ರಿ. ಅದು ವಾಪಸ್ ಬೇಕು."

ಅವರು ಒಳಗೆ ಹೋಗಿ ಬೀರುವಿನಿಂದ ಜೆರಾಕ್ಸ್ ತಂದುಕೊಟ್ಟರು. ಊಟ ಮಾಡಿಸದೆ ಕಳಿಸಲಿಲ್ಲ. ಈರುಳ್ಳಿ ಹುಳಿ, ರೊಟ್ಟಿ, ಮಜ್ಜಿಗೆ. ಒಳ್ಳೆಯ ಹೆಂಗಸು. ಮನೆಯವರ ಹತ್ತಿರ ಮಾತಾಡಿ ತಿಳಿಸ್ತೀವಿ ಅಂದರು.

ಎಂಟು ದಿನಕ್ಕೆ ಫೋನ್ ಬಂತು. ಜಾತಕ ಕೂಡಲಿಲ್ಲವಂತೆ. ಹೋದ ವರ್ಷ ಕೂಡಿದ ಜಾತಕ.

ಸೊಸೆ ಒಂದೂವರೆ ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ತಟ್ಟೆಗೆ ಮುದ್ದೆ ಹಾಕುವ ಸದ್ದಿನಲ್ಲೇ ಎಲ್ಲ ಹೇಳುತ್ತಿದ್ದಳು. ಅಕ್ಕನ ಮಗ ಮಾತಾಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಹುಡುಗಿ ಎರಡು ದಿನ ರೂಮಿನಲ್ಲಿದ್ದು, ಮೂರನೇ ದಿನ ಸಖರಾಯಪಟ್ಟಣದ ಒಂದು ಶಾಲೆಗೆ ಅರ್ಜಿ ಹಾಕಿ ಬಂದಳು. ಈಗ ಅಲ್ಲಿ ಪಾಠ ಮಾಡುತ್ತಾಳೆ. ನಾನು ಕ್ಷಮೆ ಕೇಳಿದೆನಾ ಅಂದರೆ, ಪದ ಕಟ್ಟಿದ್ದಕ್ಕೆ ಕೇಳಿದೆ, ನಿಜ ಹೇಳಿದ್ದಕ್ಕೆ ಕೇಳಲಿಲ್ಲ.

ಪರೀಕ್ಷೆಯ ದಿನ ಸೊಸೆಯೂ ಬಂದಳು, ಅಕ್ಕನನ್ನು ಬಸ್ಸು ಹತ್ತಿಸಲು ಒಬ್ಬಳ ಕೈಯಲ್ಲಿ ಆಗುತ್ತಿರಲಿಲ್ಲ. ಈ ಸಲ ಮೂರು ಮಾತು ಬದಲಾಯಿಸಿದ್ದರು. ಯಾವುವು ಅಂತ ನನಗೆ ಗೊತ್ತಿಲ್ಲ, ನನ್ನನ್ನು ಬಾಗಿಲ ಹೊರಗೆ ಕೂರಿಸಿದರು. ಸರಿಯಾಗಿಯೇ ಮಾಡಿದರು. ರಕ್ತದ ಹುಡುಗಿ ಆಮೇಲೆ ಹೇಳಿದಳು. ಆ ಮಾತುಗಳನ್ನು ಕೇಳಿದಾಗ ಅಕ್ಕ ತೊಡೆ ತಟ್ಟಿಕೊಂಡು, ಕೇಳಿದ್ದಕ್ಕೆ ಸಂಬಂಧವಿಲ್ಲದೆ, ಬೆಲ್ಲ, ಏಣಿ, ನವಿಲು ಅಂತ ಹಾಡಿದಳಂತೆ. ಮೂರಕ್ಕೆ ಸೊನ್ನೆ. ವಾರ ಗೊತ್ತಿಲ್ಲ, ತಾಲ್ಲೂಕು ಗೊತ್ತಿಲ್ಲ. ನಾನು ಎತ್ತಿಕೊಡದಿದ್ದರೂ ನಾನು ಕಟ್ಟಿದ್ದು ಮಾತ್ರ ಒಳಗೆ ಕೂತಿತ್ತು. ಅದು ಯಾಕೆ ಉಳಿಯುತ್ತದೆ ಅನ್ನುವ ಪ್ರಶ್ನೆಯನ್ನೂ ಬೇರೆ ಕಡೆ ಬರೆದುಕೊಂಡಿದ್ದೇವೆ ಅಂದಳು. ಬರೆದುಕೊಳ್ಳಲಿ.

ನಾವು ಏಳುವಾಗ ರಕ್ತದ ಹುಡುಗಿ ಎಂದಿನ ಹಾಗೆ ಮನೆಯವರು ಇನ್ನೇನಾದರೂ ಹೇಳುವುದಿದೆಯಾ ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲು ಸೊಸೆ ಮಾತಾಡಿದಳು. ನಾಲ್ಕು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಒಂದು ಗಳಿಗೆ ಎಚ್ಚರ ತಪ್ಪಿತ್ತು, ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ನೆಲ ತೊಳೆದು ನೀರು ಹಾಗೇ ಬಿಟ್ಟಿದ್ದು ನಾನು, ಜಾರಿದ್ದು ಅದರಲ್ಲೇ ಅಂದಳು. ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ರಕ್ತದ ಹುಡುಗಿ ಬರೆದುಕೊಂಡಳು. ಅಮ್ಮಾ, ಅದೊಂದರಿಂದಲೇ ಆಯ್ತು ಅಂತಲ್ಲ, ಆದ್ರೆ ಇದು ಬೇಕಿತ್ತು ಅಂದಳು. ನಾಲ್ಕು ವರ್ಷ ಇವಳು ಆ ಕಲ್ಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಮುದ್ದೆ ತೊಳಸಿದ್ದಳು. ನಾನು ಪಕ್ಕದಲ್ಲೇ ಇದ್ದೆ, ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಬರುತ್ತಾ ಅವಳು, ಚಿಕ್ಕತ್ತೆ, ಅತ್ತೆಗೆ ಕಿಟಕಿ ಕಡೆ ಜಾಗ ಬಿಡಿ ಅಂದಳು. ಒಂದೂವರೆ ತಿಂಗಳ ಮೇಲೆ ಮೊದಲ ಮಾತು ಅದು.

ಈಗ ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಒಂದೇ ಕಡೆ ಇದೆ. ಬೆಳಗಿನದು ನಾನು ಬರೆಯುತ್ತೇನೆ, ಸಂಜೆಯದು ಸೊಸೆ. ಅಕ್ಕನಿಗೆ ವಾಸಿಯಾಗುವುದಿಲ್ಲ, ಅದನ್ನು ಯಾರೂ ನನಗೆ ಬೆಣ್ಣೆ ಹಚ್ಚಿ ಹೇಳಲಿಲ್ಲ. ಈ ಸಂಶೋಧನೆ ಮುಗಿದು ಏನಾದರೂ ಸಿಗುವ ಹೊತ್ತಿಗೆ ನಾನೂ ಇರುವುದಿಲ್ಲ. ಇರಲಿ. ಸಿಗುವುದು ಸರಿಯಾದದ್ದು ಸಿಗಬೇಕು, ಅಷ್ಟೇ. ನಮ್ಮ ಹುಡುಗಿಗೆ ಎಪ್ಪತ್ತಾಗುವಾಗ ಬೇಕಾದೀತು, ಇಲ್ಲ ಅಜ್ಜಂಪುರದವರಿಗೇ ಬೇಕಾದೀತು.

ಹುಡುಗಿಗೆ ಗಂಡು ನೋಡುವುದು ನಿಂತಿಲ್ಲ. ಬರುವ ಭಾನುವಾರ ತರೀಕೆರೆ ಕಡೆಯವರು ಬರುತ್ತಾರೆ. ನಿನ್ನೆ ಸೊಸೆ ನಡುಮನೆಯಲ್ಲಿ ಚಾಪೆ ಹಾಸಿ ನೋಡುತ್ತಿದ್ದಳು, ಯಾರು ಎಲ್ಲಿ ಕೂರುವುದು ಅಂತ. ಬಾಗಿಲಿಗೆ ಎದುರಾಗಿ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಒಂದು ಕುರ್ಚಿ ಇಟ್ಟಳು. ಅದು ಯಾರಿಗೆ ಅಂತ ಕೇಳಿದೆ.

"ಅತ್ತೆಗೆ. ಮೊದಲೇ ನೋಡ್ಲಿ, ಆಮೇಲೆ ಕಾಫಿ ಕುಡೀಲಿ."

ಅಕ್ಕನ ಹಸಿರು ಸೀರೆಯನ್ನು ನಾನು ಇಸ್ತ್ರಿಗೆ ಕೊಟ್ಟು ಬಂದಿದ್ದೇನೆ.